ಐದು ರಂಗಮಂದಿರಗಳ ಜಾಗದಲ್ಲೊಂದು ತೊಟ್ಟಿಮನೆ

ಹೊಳೆನರಸೀಪುರದ ಸುತ್ತಮುತ್ತ ಯಾವ ಊರಲ್ಲಾದರೂ ‘ಕುರುಕ್ಷೇತ್ರ’ ನಾಟಕ ಇದೆ ಎಂದರೆ ಮೊದಲು ಬರುವುದು ಸೀನರಿ ಲಾರಿ. ಬೊಂಬು, ಹಗ್ಗ, ಸುರುಳಿ ಸುತ್ತಿದ ಪರದೆಗಳು, ಕಿರೀಟ ಗದೆ ತುಂಬಿದ ಪೆಟ್ಟಿಗೆಗಳು. ಮಧ್ಯಾಹ್ನದ ಹೊತ್ತಿಗೆ ಬಯಲಲ್ಲಿ ಅರಮನೆಯೊಂದು ಎದ್ದು ನಿಲ್ಲುತ್ತದೆ. ಬೆಳಗಿನ ಜಾವ ಭೀಮ ದುರ್ಯೋಧನನ ತೊಡೆ ಮುರಿದು, ಮಂಗಳ ಹಾಡಿ, ಬಿಸಿಲೇರುವಷ್ಟರಲ್ಲಿ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಿದರೆ ಬಯಲು ಮತ್ತೆ ಬಯಲೇ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಲಿತವರು, ಪಾತ್ರಕ್ಕೆ ಇಷ್ಟೆಂದು ಕೈಯಿಂದಲೇ ದುಡ್ಡು ಹಾಕಿ ಕೃಷ್ಣನೋ ಕರ್ಣನೋ ಆದವರು, ಮಾರನೆಯ ದಿನ ಮುಖದ ಬಣ್ಣ ಪೂರ್ತಿ ಹೋಗುವ ಮುಂಚೆಯೇ ಗದ್ದೆಯಲ್ಲಿರುತ್ತಾರೆ.

ರಂಗವೆಂದರೆ ಕಟ್ಟುವುದು, ಬಿಚ್ಚುವುದು, ಮುಂದಿನೂರಿಗೆ ಹೋಗುವುದು ಎಂದೇ ನೋಡುತ್ತ ಬೆಳೆದವನು ನಾನು. ಗುಬ್ಬಿ ವೀರಣ್ಣನವರ ಕಂಪನಿಯಂಥ ದೊಡ್ಡ ಕಂಪನಿಗಳೂ ಊರೂರಿಗೆ ಹೋಗಿ ಕ್ಯಾಂಪು ಹಾಕಿಯೇ ಬದುಕಿದವು. ನಾಟಕ ಬಂದ ಊರಲ್ಲಿ ನಟರಿಗೆ ಬಿಡಾರ ಬೇಕು, ನೋಡಲು ಬಂದ ನೆಂಟರಿಗೆ ಹಾಸಿಗೆ ಬೇಕು, ಆಟ ಮುಗಿದ ಮೇಲೆ ಎಲ್ಲರಿಗೂ ಬಿಸಿ ಊಟ ಬೇಕು. ಹೆಸರಿನ ಹಿಂದೆಯೇ ಅರಕಲಗೂಡನ್ನು ಇಟ್ಟುಕೊಂಡ ಅ.ನ.ಕೃ. ಅವರು ‘ನಟಸಾರ್ವಭೌಮ’ ಕಾದಂಬರಿಯಲ್ಲಿ ಹಿಡಿದದ್ದು ಈ ನಾಟಕದವರ ಬದುಕನ್ನೇ. ನಾಟಕವೂ ವಸತಿಯೂ ಒಂದನ್ನೊಂದು ಸಾಕಿಕೊಂಡು ಬಂದವು ಎಂದೇ ನಾನು ತಿಳಿದಿದ್ದೆ. ವಸತಿಗಾಗಿ ನಾಟಕದ ಮನೆಗಳನ್ನೇ ಕೆಡವಿದ ಕಥೆ ಗೊತ್ತಾದದ್ದು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋದಾಗ.

ನ್ಯೂಜೆರ್ಸಿಯಿಂದ ಬರುವ ಬಸ್ಸುಗಳು ನ್ಯೂಯಾರ್ಕಿನಲ್ಲಿ ನಿಲ್ಲುವುದು ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ. ಹಾಸನದ ಬಸ್ಸು ಇಳಿದು ಮೆಜೆಸ್ಟಿಕ್‌ನ ಟಾಕೀಸುಗಳ ಕಡೆ ನಡೆದವರಿಗೆ ಈ ಜಾಗ ಹೊಸದೆನ್ನಿಸುವುದಿಲ್ಲ. ಬಸ್ಸು ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಥಿಯೇಟರುಗಳ ಸಾಲು. ಬ್ರಾಡ್‌ವೇ ಎಂಬುದು ಒಂದು ರಸ್ತೆಯ ಹೆಸರಾದರೂ ಬ್ರಾಡ್‌ವೇ ಥಿಯೇಟರುಗಳಲ್ಲಿ ಹೆಚ್ಚಿನವು ಆ ರಸ್ತೆಯಲ್ಲಿಲ್ಲ, ಅಕ್ಕಪಕ್ಕದ ಅಡ್ಡರಸ್ತೆಗಳಲ್ಲಿವೆ. ಇವತ್ತು ಆ ಹೆಸರಿಗೆ ಸಲ್ಲುವ ರಂಗಮಂದಿರಗಳು 41. ಕನಿಷ್ಠ 500 ಆಸನಗಳಿರಬೇಕು, ಇಲ್ಲದಿದ್ದರೆ ಬ್ರಾಡ್‌ವೇ ಅನ್ನುವುದಿಲ್ಲ. ಈ ಸಾಲಿನ ನಟ್ಟನಡುವೆ, ಟೈಮ್ಸ್ ಸ್ಕ್ವೇರ್‌ನಲ್ಲಿ, 45 ಮತ್ತು 46ನೇ ಬೀದಿಗಳ ಮಧ್ಯದ ಇಡೀ ಮುಂಭಾಗವನ್ನು ಆಕ್ರಮಿಸಿ ನಿಂತಿದೆ ಮ್ಯಾರಿಯಟ್ ಮಾರ್ಕ್ವಿಸ್ ಹೋಟೆಲು.

ಎತ್ತರ 574 ಅಡಿ. ನಮ್ಮ ಕಡೆಯವರಿಗೆ ಹೇಳುವುದಾದರೆ, ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನಂಥ ಹತ್ತು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಕೋಣೆಗಳು ಎರಡು ಸಾವಿರಕ್ಕೆ ಹತ್ತಿರ. ತುದಿಯಲ್ಲಿ ನಿಧಾನಕ್ಕೆ ಸುತ್ತುವ ಊಟದ ಮನೆ. ಸುಮಾರು ಒಂದು ಗಂಟೆಗೆ ಒಂದು ಸುತ್ತು, ಕುರ್ಚಿಯಿಂದ ಏಳದೆ ಇಡೀ ನಗರ ಕಣ್ಣ ಮುಂದೆ ಹಾದುಹೋಗುತ್ತದೆ. ಕೊರೊನಾ ಕಾಲದಲ್ಲಿ ನಿಂತಿದ್ದ ಅದು ಮತ್ತೆ ತೆರೆದದ್ದು 2025ರಲ್ಲಿ.

ಬೀದಿಯಿಂದ ಒಳಗೆ ಹೋದರೆ ಸ್ವಾಗತದ ಮೇಜೇ ಕಾಣುವುದಿಲ್ಲ. ಲಾಬಿ ಇರುವುದು ಎಂಟನೇ ಅಂತಸ್ತಿನಲ್ಲಿ. ಲಿಫ್ಟಿನ ಹತ್ತಿರ ಹೋಗಿ ಗುಂಡಿ ಹುಡುಕುತ್ತಿದ್ದೆ. “ಅಪ್ಪಾ, ಒಳಗೆ ಗುಂಡಿ ಇರಲ್ಲ, ಹೊರಗೇ ನಂಬರ್ ಒತ್ತಬೇಕು” ಅಂದಳು ಮಗಳು. ಹೊರಗಿನ ಫಲಕದಲ್ಲಿ ಎಂಟು ಒತ್ತಿದರೆ ಒಂದು ಅಕ್ಷರ ಮೂಡುತ್ತದೆ. ಆ ಅಕ್ಷರದ ಲಿಫ್ಟಿನ ಮುಂದೆ ನಿಂತರೆ ಸಾಕು, ಅದೇ ಕರೆದುಕೊಂಡು ಹೋಗುತ್ತದೆ. ಒಂದೇ ಕಡೆ ಹೋಗುವವರನ್ನು ಒಂದೇ ಲಿಫ್ಟಿಗೆ ಗುಂಪು ಮಾಡುವ ಲೆಕ್ಕ ಅದು. ಸಾವಿರಾರು ಜನ ಒಟ್ಟಿಗೆ ಏರಿಳಿಯುವ ಕಟ್ಟಡದಲ್ಲಿ ಮೊದಲು ಲಿಫ್ಟಿಗಾಗಿ ಕಾಯುವುದೇ ದೊಡ್ಡ ಕಷ್ಟವಾಗಿತ್ತು. ಈ ವ್ಯವಸ್ಥೆ ಆಮೇಲೆ ಬಂದದ್ದು.

ಎಂಟನೇ ಅಂತಸ್ತಿನಲ್ಲಿ ಇಳಿದು ತಲೆ ಎತ್ತಿದೆ. ಅಲ್ಲಿಂದ ಮೇಲಕ್ಕೆ ಕಟ್ಟಡದ ನಡುಭಾಗವೆಲ್ಲ ಖಾಲಿ. ಸುಮಾರು ಮೂವತ್ತೇಳು ಅಂತಸ್ತುಗಳು ಆ ಖಾಲಿಯನ್ನು ಸುತ್ತುವರಿದು ನಿಂತಿವೆ. ಪ್ರತಿ ಅಂತಸ್ತಿಗೂ ಒಳಮುಖದ ಪಡಸಾಲೆ, ಪಡಸಾಲೆಗೆ ಕಟಕಟೆ, ಅದರ ಹಿಂದೆ ಕೋಣೆಗಳ ಬಾಗಿಲುಗಳು. ನಡುವೆ ಒಂದು ಕಾಂಕ್ರೀಟ್ ಕಂಬ, ಅದಕ್ಕೆ ಅಂಟಿಕೊಂಡು ದೀಪ ಹೊತ್ತ ಗಾಜಿನ ಲಿಫ್ಟುಗಳು ಸದ್ದಿಲ್ಲದೆ ಮೇಲೆ ಕೆಳಗೆ ಓಡಾಡುತ್ತವೆ. ನನಗೆ ಥಟ್ಟನೆ ನೆನಪಾದದ್ದು ತೊಟ್ಟಿಮನೆ. ನಮ್ಮ ಜಿಲ್ಲೆಯ ಹಳೇ ಮನೆಗಳಲ್ಲಿ ಇರುವುದೂ ಇದೇ ಕಟ್ಟಣೆ: ನಡುವೆ ತೊಟ್ಟಿ, ಸುತ್ತ ಪಡಸಾಲೆ, ಪಡಸಾಲೆಗೆ ತೆರೆದ ಕೋಣೆಗಳು. ಮನೆಯವರೆಲ್ಲ ಒಬ್ಬರಿಗೊಬ್ಬರು ಕಾಣುತ್ತಿರುತ್ತಾರೆ. ಇಲ್ಲಿ ಅದನ್ನೇ ಮುಗಿಲೆತ್ತರಕ್ಕೆ ಎಳೆದಿದ್ದಾರೆ.

ಎಳೆದವರು ಅಟ್ಲಾಂಟಾದ ವಾಸ್ತುಶಿಲ್ಪಿ ಜಾನ್ ಪೋರ್ಟ್‌ಮನ್ (1924–2017). ಹೋಟೆಲೆಂದರೆ ಉದ್ದನೆಯ ಕತ್ತಲೆ ಓಣಿ, ಎರಡೂ ಕಡೆ ಬಾಗಿಲುಗಳು ಎಂದಿದ್ದ ಕಾಲದಲ್ಲಿ, 1967ರಲ್ಲಿ, ಅಟ್ಲಾಂಟಾದ ಹಯಾತ್ ರೀಜೆನ್ಸಿಯ ನಡುಮನೆಯನ್ನು ಬಾನೆತ್ತರಕ್ಕೆ ಬಿಚ್ಚಿ ತೋರಿಸಿದವರು ಅವರು. ಆಮೇಲೆ ಎಷ್ಟೋ ದೇಶಗಳ ಹೋಟೆಲುಗಳು ಅದೇ ದಾರಿ ಹಿಡಿದವು. ಇವತ್ತು ಬೆಂಗಳೂರಿನ ಯಾವುದೇ ಮಾಲ್‌ಗೆ ಹೋಗಿ ನಡುವಿನ ಬಯಲಿಗೆ ಇಣುಕಿ ನೋಡಿದರೂ ಅದರ ಹಿಂದೆ ಈ ಮನುಷ್ಯನ ನೆರಳಿದೆ.

ಆದರೆ ನಮ್ಮ ತೊಟ್ಟಿಮನೆಗೆ ಎರಡು ಮುಖ. ಒಳಗೆ ತೊಟ್ಟಿ, ಹೊರಗೆ ಜಗಲಿ. ದಾರಿಹೋಕ ಕೂತು ಹೋಗುವುದು, ಊರ ಸುದ್ದಿ ಬರುವುದು, ಸಂಜೆ ಹೊತ್ತು ಹಿರಿಯರು ಎಲೆಯಡಿಕೆ ಹಾಕುವುದು ಜಗಲಿಯಲ್ಲಿ. ಪೋರ್ಟ್‌ಮನ್ ತೊಟ್ಟಿ ಕಟ್ಟಿದರು, ಜಗಲಿ ಕಟ್ಟಲಿಲ್ಲ. ಹೋಟೆಲು ಬೀದಿಗೆ ಬೆನ್ನು ಹಾಕಿ ಕೂತಿತು ಎಂದು ನ್ಯೂಯಾರ್ಕಿನ ವಿಮರ್ಶಕರು ಹೇಳುತ್ತಲೇ ಬಂದರು. ಅದಕ್ಕೊಂದು ಕಾರಣವೂ ಇತ್ತು. ಯೋಜನೆ ಮೊದಲು ಹೊರಬಿದ್ದದ್ದು 1973ರಲ್ಲಿ. ಆಗಿನ ಟೈಮ್ಸ್ ಸ್ಕ್ವೇರ್ ಕಳ್ಳತನ, ಮಾದಕ ವಸ್ತು, ಅಶ್ಲೀಲ ಚಿತ್ರಗಳ ಕೇರಿ. ಕುಟುಂಬದವರು ಹಾಯಲು ಹೆದರುತ್ತಿದ್ದರು. ಲಾಬಿಯನ್ನು ಎಂಟನೇ ಅಂತಸ್ತಿಗೆ ಏರಿಸಿದರೆ ಬೀದಿ ಒಳಗೆ ಬರುವುದಿಲ್ಲ ಎಂಬ ಲೆಕ್ಕ. ಅಷ್ಟರಲ್ಲಿ 1975ರ ಹೊತ್ತಿಗೆ ನಗರವೇ ದಿವಾಳಿಯ ಅಂಚಿಗೆ ಬಂದು ಯೋಜನೆ ನಿಂತಿತು. ಮೇಯರ್ ಎಡ್ ಕಾಚ್ ಕಾಲದಲ್ಲಿ ಮತ್ತೆ ಎದ್ದಿತು. ದೊಡ್ಡ ಹೋಟೆಲು ಬಂದರೆ ಜನ ಬರುತ್ತಾರೆ, ಜನ ಬಂದರೆ ಥಿಯೇಟರುಗಳೂ ಉಳಿಯುತ್ತವೆ ಎಂಬುದು ನಗರಾಡಳಿತದ ವಾದ. ಅದರಲ್ಲಿ ಸತ್ಯ ಇರಲಿಲ್ಲ ಎಂದು ನಾನು ಹೇಳಲಾರೆ.

ಬೆಲೆ ಮಾತ್ರ ಭಾರಿಯಾಗಿತ್ತು. ಆ ಜಾಗದಲ್ಲಿ ಐದು ರಂಗಮಂದಿರಗಳಿದ್ದವು: ಹೆಲೆನ್ ಹೇಸ್, ಮೊರೊಸ್ಕೊ, ಬಿಜೂ, ಆಸ್ಟರ್, ಗೇಯಟಿ. ಕೊನೆಯ ಎರಡು ಎಷ್ಟೋ ವರ್ಷಗಳ ಹಿಂದೆಯೇ ಸಿನಿಮಾದ ಪಾಲಾಗಿದ್ದವು. ಮೊದಲಿನ ಮೂರರಲ್ಲಿ ನಾಟಕದ ಉಸಿರು ಇನ್ನೂ ಇತ್ತು. 1917ರಲ್ಲಿ ತೆರೆದ ಮೊರೊಸ್ಕೊದಲ್ಲಿ ಯೂಜೀನ್ ಓನೀಲ್ ಅವರ ‘ಬಿಯಾಂಡ್ ದಿ ಹೊರೈಝನ್’ 1920ರಲ್ಲಿ ರಂಗಕ್ಕೆ ಬಂತು. 1949ರ ಫೆಬ್ರುವರಿಯಲ್ಲಿ ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’, 1955ರಲ್ಲಿ ಟೆನೆಸ್ಸಿ ವಿಲಿಯಮ್ಸ್ ಅವರ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’. ಹೆಲೆನ್ ಹೇಸ್‌ನಲ್ಲಿ 1956ರಲ್ಲಿ ಓನೀಲರ ‘ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್’. ಅಮೆರಿಕದ ನಾಟಕ ಸಾಹಿತ್ಯವೆಂದು ನಮ್ಮ ಕಾಲೇಜುಗಳಲ್ಲಿ ಪಾಠ ಮಾಡುವ ಕೃತಿಗಳು ನಟರ ಬಾಯಲ್ಲಿ ಮೊದಲು ಬ್ರಾಡ್‌ವೇಗೆ ಕೇಳಿಸಿದ್ದು ಈ ಎರಡು ಮನೆಗಳ ಗೋಡೆಗಳ ಒಳಗೆ.

1982ರ ಮಾರ್ಚ್ 22. ಕೆಡವುವುದಕ್ಕೆ ಇದ್ದ ತಡೆಯಾಜ್ಞೆಯನ್ನು ಅಮೆರಿಕದ ಸುಪ್ರೀಂ ಕೋರ್ಟು ತೆರವು ಮಾಡಿದ ದಿನ. ಸೆಂಟ್ರಲ್ ಪಾರ್ಕಿನಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು ಜನರಿಗೆ ಬಿಟ್ಟಿಯಾಗಿ ತೋರಿಸುತ್ತಿದ್ದ ಜೋಸೆಫ್ ಪ್ಯಾಪ್ ಈ ರಂಗಮಂದಿರಗಳನ್ನು ಉಳಿಸುವ ಹೋರಾಟದ ಮುಂದಿದ್ದರು. ಮೊರೊಸ್ಕೊದ ಮುಂದೆ ಬೀದಿಯಲ್ಲೇ ವೇದಿಕೆ ಹಾಕಿ, ಆ ರಂಗದಲ್ಲಿ ಆಡಿದ್ದ ನಾಟಕಗಳನ್ನು ನಟರು ಸರದಿಯ ಮೇಲೆ ಓದುತ್ತಿದ್ದರು. ಸಾಯುವ ಹಿರಿಯರ ತಲೆದೆಸೆಯಲ್ಲಿ ಕೂತು ನಾವು ಗೀತೆ ಓದುವುದಿಲ್ಲವೇ, ಹಾಗೆ. ತಡೆ ತೆರವಾದ ಸುದ್ದಿ ಬಂದ ಮೇಲೆ ಅಡ್ಡ ಕೂತವರನ್ನು ಪೊಲೀಸರು ಎಬ್ಬಿಸಿಕೊಂಡು ಹೋದರು. ಬಂಧನವಾದವರು ನೂರೈವತ್ತಕ್ಕೂ ಹೆಚ್ಚು ಮಂದಿ. ಪ್ಯಾಪ್ ಕೂಡ ಅವರಲ್ಲೊಬ್ಬರು. ಅದೇ ದಿನ ಯಂತ್ರದ ಕೈ ಮೊರೊಸ್ಕೊದ ಗೋಡೆಗೆ ಬಿತ್ತು.

ಮೂರು ವರ್ಷದ ಮೇಲೆ, 1985ರಲ್ಲಿ, ಹೋಟೆಲು ಬಾಗಿಲು ತೆರೆಯಿತು. ಕೆಡವಿದ್ದಕ್ಕೆ ಪ್ರತಿಯಾಗಿ ಹೋಟೆಲಿನ ಹೊಟ್ಟೆಯೊಳಗೇ, ಮೂರನೇ ಅಂತಸ್ತಿನಲ್ಲಿ, ಒಂದು ಹೊಸ ರಂಗಮಂದಿರ ಕಟ್ಟಿದರು. ಮಾರ್ಕ್ವಿಸ್ ಥಿಯೇಟರ್. 1986ರ ಆಗಸ್ಟಿನಲ್ಲಿ ‘ಮಿ ಅಂಡ್ ಮೈ ಗರ್ಲ್’ ಎಂಬ ಸಂಗೀತ ನಾಟಕ ಶುರುವಾಗಿ ಮೂರು ವರ್ಷಕ್ಕೂ ಮೀರಿ ಓಡಿತು. ಆಸನಗಳು ಸುಮಾರು 1,600.

ಈ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಹೋದದ್ದಕ್ಕೆ ಬಂದದ್ದು ಒಂದಿಷ್ಟು ಸರಿದೂಗಿತು ಅನ್ನಿಸಬಹುದು. ಆದರೆ ಮೊರೊಸ್ಕೊದಲ್ಲಿ ಇದ್ದದ್ದು ಸಾವಿರದೊಳಗಿನ ಆಸನ, ಬಿಜೂವಿನಲ್ಲಿ ಆರುನೂರರ ಆಸುಪಾಸು. ಅಷ್ಟು ಚಿಕ್ಕ ಮನೆಯಲ್ಲಿ ಕೊನೆಯ ಸಾಲಿನವನಿಗೂ ನಟನ ತುಟಿ ನಡುಗುವುದು ಕಾಣುತ್ತದೆ. ಸೋತು ಮನೆಗೆ ಬಂದ ಮುದಿ ಸೇಲ್ಸ್‌ಮನ್ ಎರಡು ಪೆಟ್ಟಿಗೆಗಳನ್ನು ಕೆಳಗಿಡುವಾಗ ಅವನ ಭುಜ ಎಷ್ಟು ಇಳಿಯಿತು ಎಂಬುದರ ಮೇಲೆ ನಾಟಕ ನಿಂತಿರುತ್ತದೆ. 1,600 ಜನರ ಮನೆಗೆ ಅದು ಸಾಲದು. ಅಲ್ಲಿಗೆ ಮೇಳ ಬೇಕು, ಕುಣಿತ ಬೇಕು, ದೀಪ, ಯಂತ್ರ ಬೇಕು. ಮಾರ್ಕ್ವಿಸ್‌ನಲ್ಲಿ ಬಹುಪಾಲು ಸಂಗೀತ ನಾಟಕಗಳೇ ನಡೆದದ್ದು ಆಕಸ್ಮಿಕವಲ್ಲ. ನಮ್ಮ ‘ಕುರುಕ್ಷೇತ್ರ’ಕ್ಕೆ ಬಯಲು ಒಗ್ಗುತ್ತದೆ, ಕಂದಪದ್ಯವನ್ನು ಎತ್ತರದ ಶ್ರುತಿಯಲ್ಲಿ ಹಾಡಿ ಊರಾಚೆಗೂ ಮುಟ್ಟಿಸುತ್ತಾರೆ. ಗುಟ್ಟಾಗಿ ಆಡುವ ಮಾತಿಗೆ ಮನೆ ಚಿಕ್ಕದಿರಬೇಕು. ಕಳೆದುಹೋದದ್ದು ಆ ಚಿಕ್ಕತನ, ಅದನ್ನು ದೊಡ್ಡದರಿಂದ ತುಂಬಲಾಗುವುದಿಲ್ಲ.

ಸೋತ ಹೋರಾಟ ಮುಂದಿನವನ್ನು ಉಳಿಸಿತು. 1980ರ ದಶಕದ ಕೊನೆಗೆ ನಗರದ ಪಾರಂಪರಿಕ ಕಟ್ಟಡಗಳ ಆಯೋಗ ಇಪ್ಪತ್ತಕ್ಕೂ ಹೆಚ್ಚು ಬ್ರಾಡ್‌ವೇ ಥಿಯೇಟರುಗಳನ್ನು ಸಂರಕ್ಷಿತವೆಂದು ಘೋಷಿಸಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 1992ರಲ್ಲಿ ಸುಪ್ರೀಂ ಕೋರ್ಟು ಅವರ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಮಾಲೀಕರ ಸಂಕಟಕ್ಕೂ ಒಂದು ದಾರಿ ಮಾಡಿದರು. ಥಿಯೇಟರು ಗಿಡ್ಡ ಕಟ್ಟಡ. ಅದರ ಮೇಲೆ ಇನ್ನಷ್ಟು ಅಂತಸ್ತು ಏರಿಸುವ ಹಕ್ಕು ಬಳಕೆಯಾಗದೆ ಬಿದ್ದಿರುತ್ತದೆ. ಆ ಹಕ್ಕನ್ನು ಅದೇ ರಂಗವಲಯದ ಬೇರೆ ನಿವೇಶನದವರಿಗೆ ಮಾರಬಹುದು ಎಂದು 1998ರಲ್ಲಿ ನಿಯಮ ಸಡಿಲಿಸಿದರು. ಕೆಡವದೆಯೂ ದುಡ್ಡು ಬರುವ ಹಾಗಾಯಿತು. ನನ್ನ ಮಟ್ಟಿಗೆ ಈ ಕಥೆಯಲ್ಲಿ ನಮ್ಮ ಊರುಗಳು ಕೇಳಿಸಿಕೊಳ್ಳಬೇಕಾದ ಭಾಗ ಇದು. ಬೆಂಗಳೂರಿನಲ್ಲಿ 1968ರಲ್ಲಿ ಶುರುವಾದ ಕಪಾಲಿ ಚಿತ್ರಮಂದಿರ ಹೋಯಿತು, ಎಂ.ಜಿ. ರಸ್ತೆಯ ಪ್ಲಾಜಾ ಹೋಗಿ ಮೆಟ್ರೊ ನಿಲ್ದಾಣ ಬಂತು. ತಾಲ್ಲೂಕು ಊರುಗಳಲ್ಲಿ ಟಾಕೀಸು ಹೋಗಿ ಕಲ್ಯಾಣ ಮಂಟಪವೋ ಕಾಂಪ್ಲೆಕ್ಸೋ ಬಂದಾಗ ಯಾರೂ ಬೀದಿಯಲ್ಲಿ ಕೂರುವುದಿಲ್ಲ. ಮಾಲೀಕನ ಕೈಗೆ ಬೇರೆ ದಾರಿಯನ್ನೂ ಯಾರೂ ಕೊಡುವುದಿಲ್ಲ.

ಹೋಟೆಲಿನ ಮುಖಕ್ಕೆ ಈಗ ಬೀದಿಯಿಂದ ಬೀದಿಗೆ ಹರಡಿದ, ಎಂಟು ಅಂತಸ್ತು ಎತ್ತರದ ಬೆಳಕಿನ ಪರದೆ ಹೊದಿಸಿದ್ದಾರೆ, 2014ರಲ್ಲಿ ಬಂದದ್ದು. ಅದರ ಕೆಳಗೆ ಸಾವಿರಾರು ಜನ ಫೋನು ಎತ್ತಿ ಹಿಡಿದು ನಿಂತಿರುತ್ತಾರೆ. ನಾನು ಮಗಳನ್ನು 45ನೇ ಬೀದಿಯ ಕಡೆಗೆ ಕರೆದುಕೊಂಡು ಹೋದೆ. ಮೊರೊಸ್ಕೊ ಇದ್ದದ್ದು ಆ ಬೀದಿಯಲ್ಲಿ. ಟ್ಯಾಕ್ಸಿಗಳು ತಿರುಗಿ ಒಳಗೆ ಹೋಗುತ್ತಿದ್ದವು. ಚಕ್ರದ ಪೆಟ್ಟಿಗೆಗಳನ್ನು ಎಳೆದುಕೊಂಡು ಒಂದು ಸಂಸಾರ ಇಳಿಯಿತು.

“ಹೆಲೆನ್ ಹೇಸ್ ಹೆಸರು ಇನ್ನೂ ಇದೆ, ಬನ್ನಿ” ಅಂದಳು ಮಗಳು. 44ನೇ ಬೀದಿಯಲ್ಲಿ 1912ರಲ್ಲಿ ಕಟ್ಟಿದ ‘ಲಿಟಲ್ ಥಿಯೇಟರ್’ ಎಂಬ ಪುಟ್ಟ ರಂಗಮಂದಿರಕ್ಕೆ, ಕೆಡವಿದ ಮರುವರ್ಷ, 1983ರಲ್ಲಿ, ಹಿರಿಯ ನಟಿ ಹೆಲೆನ್ ಹೇಸ್ ಅವರ ಹೆಸರನ್ನು ಇಟ್ಟಿದ್ದರು. ಸುಮಾರು ಆರುನೂರು ಆಸನ, ಬ್ರಾಡ್‌ವೇಯ ಅತಿ ಚಿಕ್ಕ ಮನೆ. ನಮಗೆ ಸಿಕ್ಕಿದ್ದು ಹಿಂದಿನ ಸಾಲು. ಮಾತು ಅರ್ಧಕ್ಕರ್ಧ ನನಗೆ ತಪ್ಪಿಹೋಗುತ್ತಿತ್ತು. ಎರಡನೇ ಭಾಗದಲ್ಲಿ ವಯಸ್ಸಾದ ಪಾತ್ರವೊಂದು ಕುರ್ಚಿಯಲ್ಲಿ ಕೂತು, ಏನೂ ಹೇಳದೆ, ಮಡಿಸಿದ ಕಾಗದವನ್ನು ಬಿಚ್ಚಿ ಮತ್ತೆ ಮಡಿಸಿತು. ಕಾಗದದ ಸದ್ದು ನಮ್ಮ ಸಾಲಿಗೂ ಕೇಳಿಸಿತು.