ತಿರಿಯ ಗಿಳಿ, ಬಾಳೆಯ ಕಂಬ

ಎಳೆ ಗರಿಯ ಬೆನ್ನಿನ ಕಡ್ಡಿ ಕಿತ್ತು ಬದಿಗಿಟ್ಟರು. ಉಳಿದ ಪಟ್ಟಿಯನ್ನು ಎರಡು ಸಲ ಮಡಚಿ, ಒಂದು ಸುತ್ತು ಹೊಸೆದು, ತುದಿಯನ್ನು ಕತ್ತಿಯಿಂದ ಸೀಳಿದರು. ಗಿಳಿ ಆಯಿತು. ಅದಕ್ಕೆ ಕೊಕ್ಕೆ ಕೂಡ ಆ ಕಿತ್ತ ಕಡ್ಡಿಯದ್ದೇ. ನಾನು ಬಾಯಿಬಿಟ್ಟು ನೋಡುತ್ತಿದ್ದದ್ದು ಅವರಿಗೆ ತಮಾಷೆ. “ಇದೆಂತ ಮಾರಾಯ್ರೆ, ಅಣಿ ಕಟ್ಟುವವನಿಗೆ ಗಿಳಿ ಮಾಡ್ಲಿಕ್ಕೆ ಎಂತ ಕಷ್ಟ ಉಂಟು?”

ಮಂಗಳೂರಿನ ಕುಲಶೇಖರದಲ್ಲಿ ನಮ್ಮ ನೆಂಟರ ಮನೆಯಂಗಳ, ಮದುವೆಯ ಮುನ್ನಾದಿನ. ದೈವದ ನೇಮಕ್ಕೆ ಎಳೆ ಗರಿಯ ಅಣಿ ಕಟ್ಟುವ ಕೈಗಳೇ ಇಲ್ಲಿ ಧಾರೆ ಮಂಟಪಕ್ಕೆ ತೋರಣ ಹೆಣೆಯುತ್ತಿದ್ದವು. ಇದು ಯೋಜನೆ ಮಾಡಿ ಆದದ್ದಲ್ಲ. ಸಭಾಂಗಣ ನೋಡಲು ಹೋದಾಗ “ಡೆಕೋರೇಶನ್ ನಮ್ಮವರದ್ದೇ ಮಾಡಿಸಬೇಕು” ಎಂದು ಹೇಳಿ ಕೊಟ್ಟ ಅಂದಾಜುಪಟ್ಟಿ ಊಟದ ಖರ್ಚಿಗೆ ಹತ್ತಿರ ಬಂದಿತ್ತು. ಹುಡುಗಿಯ ಅಪ್ಪ ಆ ಸಭಾಂಗಣವನ್ನೇ ಬಿಟ್ಟು ಇನ್ನೊಂದನ್ನು ಹಿಡಿದರು. ಅಲಂಕಾರ ನಾವೇ ಮಾಡಿಸಬಹುದೇ? ಮುಂಗಡ ಕೊಡುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದು. ಬಾಡಿಗೆ ಎಷ್ಟು ಎನ್ನುವುದು ಆಮೇಲಿನ ಮಾತು.

ಕರಾವಳಿಯಲ್ಲಿ ಮದುವೆಯ ಅಲಂಕಾರ ದುಡ್ಡು ಕೊಟ್ಟು ತರುವ ವಸ್ತುವೇ ಆಗಿರಲಿಲ್ಲ. ತುಳುವರ ದೊಂಪ, ಕೊಂಕಣಿ ಕ್ರೈಸ್ತರು ಮದುವೆಗೆ ಮುಂಚಿನ ರೋಸ್‌ಗೆ ಹಾಕುವ ಮಾಟೊವ್ ಎರಡೂ ಚಪ್ಪರಗಳಿಗೆ ಹಿತ್ತಲಿನ ಮಡಲು, ಅಡಿಕೆ ಮರ, ಮಾವಿನ ಸೊಪ್ಪು ಸಾಕಿತ್ತು. ಥರ್ಮಾಕೋಲ್ ಕೆತ್ತನೆಯ ಕಂಬಗಳು ಬಂದದ್ದು ಎಷ್ಟೋ ಆಮೇಲೆ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ.

ತಿರಿ ಎಂದರೆ ತೆಂಗಿನ ಸುಳಿಯಲ್ಲಿ ಇನ್ನೂ ಬಿಚ್ಚದ ಗರಿ. ಕೆಲವರು ಸಿರಿ ಎನ್ನುತ್ತಾರೆ. ಬೆಣ್ಣೆಯ ಬಣ್ಣ, ರಿಬ್ಬನ್ನಿನ ನುಣುಪು. ಬಿಸಿಲು ತಾಗಿದರೆ ಮುರುಟುತ್ತದೆ, ಹಾಗಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಬೇಕಾದಷ್ಟೇ ಹೊರತೆಗೆಯಬೇಕು. ಚೆನ್ನಾಗಿ ಬೆಳೆದ ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ. ಅಂದರೆ ಒಂದು ತಿರಿ ಕಡಿದರೆ ಮರದ ಒಂದು ತಿಂಗಳ ದುಡಿಮೆ ಹೋಯಿತು. ಒಂದೇ ಮರದಿಂದ ಎರಡು ಕೇಳಬೇಡಿ ಎಂದು ಅಣಿಯವರು ಎಚ್ಚರಿಸಿದ್ದು ಅದಕ್ಕೇ. ನಾಲ್ಕು ಮನೆಗಳ ತೋಟದಿಂದ ಬಂದ ನಾಲ್ಕು ತಿರಿಯಲ್ಲಿ ಮಂಟಪದ ಮೂರು ಬದಿ ಮುಗಿದು ಮಕ್ಕಳ ಕೈಗೂ ಗಿಳಿಗಳು ಉಳಿದವು.

ಹೂವಿನ ಲೆಕ್ಕ ಮಾತ್ರ ಬೇರೆ. ಉಡುಪಿ ಮಲ್ಲಿಗೆ ಮೊಳದಲ್ಲಲ್ಲ, ಚೆಂಡು ಮತ್ತು ಅಟ್ಟೆಯಲ್ಲಿ ಮಾರಾಟವಾಗುತ್ತದೆ. ಬಾಳೆನಾರಿನಲ್ಲಿ ಕಟ್ಟಿದ ಸುಮಾರು 800 ಹೂವು ಒಂದು ಚೆಂಡು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ದರ ದಿನದಿನವೂ ಶಂಕರಪುರದ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಮದುವೆಯ ದಿನಗಳಲ್ಲಿ ಅಟ್ಟೆ 2,100 ರೂಪಾಯಿ ಮುಟ್ಟಿದ್ದುಂಟು. ಇಂಥ ಹೂವನ್ನು ಮಂಟಪದ ಹಿಂದಿನ ಗೋಡೆಗೆ ಪರದೆಯಂತೆ ಇಳಿಬಿಡುವುದು ನನ್ನ ಕಣ್ಣಿಗೆ ಬರೀ ಜಂಬ. ಫೋಟೊಗ್ರಾಫರನ ದೀಪದ ಬಿಸಿಗೆ ಊಟದ ಹೊತ್ತಿಗೇ ಅದು ಕಂದಾಗುತ್ತದೆ, ಪರಿಮಳ ಮೂಸುವವರೂ ಅಲ್ಲಿರುವುದಿಲ್ಲ. ಮಲ್ಲಿಗೆ ಮದುಮಗಳ ಜಡೆಗೆ ಇರಲಿ, ಬಂದ ಹೆಂಗಸರ ತಲೆಗೆ ಇರಲಿ.

ಮಂಟಪಕ್ಕೆ ಗೊಂಡೆ ಹೂವು, ಸೇವಂತಿಗೆ ಸಾಕು. ಚೌತಿಗೆ, ನವರಾತ್ರಿಗೆ ಹಾಸನ ಕಡೆಯವರು ನಮ್ಮ ರಸ್ತೆ ಬದಿಗಳಲ್ಲಿ ರಾಶಿ ಹಾಕಿ ಮಾರುವ ಹೂವೇ ಇದು. ರಥಬೀದಿಯ ಹೂವಿನಂಗಡಿಗಳಲ್ಲಿ ಮೊದಲೇ ಹೇಳಿಟ್ಟರೆ ಬೇಕಾದಷ್ಟು ಸಿಗುತ್ತದೆ. ಮಳೆಗಾಲದಲ್ಲಿ ಆ ಹೂವು ಇಳಿದು ಬರುವ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಾತ್ರ ಎಲ್ಲ ಲೆಕ್ಕಾಚಾರವೂ ತಲೆಕೆಳಗು. ಮೂಲೆಗೊಂದು ಹಿಂಗಾರ ಇಟ್ಟರೆ ಆಯಿತು. ಹಾಳೆ ಸೀಳಿ ಬಿಡಿಸಿದ ಅಡಿಕೆಯ ಹಿಂಗಾರದ ಮುಂದೆ ಯಾವ ಬೊಕೆಯೂ ಸಪ್ಪೆ.

1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಮದುವೆಯ ದುಂದುವೆಚ್ಚ ಬೇಡ ಎಂದವರು. ಅದೇ ಕುದ್ರೋಳಿಗೆ ಇವತ್ತು ದಸರೆಯ ದೀಪಾಲಂಕಾರ ನೋಡಲು ಊರಿಗೆ ಊರೇ ಹೋಗುತ್ತದೆ. ನಾವು ಮಂಗಳೂರಿನವರು ಹೀಗೆಯೇ. ಈಗಂತೂ ಧಾರೆಗಿಂತ ಹಿಂದಿನ ರಾತ್ರಿಯ ಮೆಹಂದಿಗೇ ಹೆಚ್ಚು ಲೈಟು, ಹೆಚ್ಚು ಸೌಂಡು. ಹುಡುಗಿಯ ಅಪ್ಪ ಅಲ್ಲೂ ಕೈ ಬಿಗಿ ಹಿಡಿದರು. ಅಂಗಳಕ್ಕೆ ಬಲ್ಬಿನ ನಾಲ್ಕು ಸರ, ಅಷ್ಟೆ. ಯಾರಾದರೂ ಏನಾದರೂ ಅಂದಾರು ಎಂಬ ಹೆದರಿಕೆ ಅವರಿಗೆ ಕೊನೆಯವರೆಗೂ ಇತ್ತು.

ಮರುದಿನ ಬಂದವರೆಲ್ಲ ಮಂಟಪದ ಎದುರು ಸೆಲ್ಫಿಗೆ ನಿಂತರು. “ಕಾಂಟ್ರಾಕ್ಟ್ ಯಾರಿಗೆ ಕೊಟ್ಟದ್ದು?” ಎಂದು ಇಬ್ಬರು ಕೇಳಿದರು. ಅಣಿಯವರು ಆಗ ಎರಡನೇ ಪಂಕ್ತಿಯಲ್ಲಿ ಪಾಯಸಕ್ಕೆ ಕಾಯುತ್ತಿದ್ದರು.

ಸಂಜೆ ಇನ್ನೊಬ್ಬರ ರಿಸೆಪ್ಶನ್ ಇದ್ದುದರಿಂದ ಮೂರು ಗಂಟೆಗೆ ಸಭಾಂಗಣ ಖಾಲಿಯಾಗಬೇಕಿತ್ತು. ತಿರಿ, ಹೂವು, ಮಾವಿನೆಲೆ ಒಂದು ಗೋಣಿಗೆ ತುಂಬಿ ತೋಟದ ಗೊಬ್ಬರದ ಗುಂಡಿಗೆ ಹೋಯಿತು. ಬಾಗಿಲ ಎರಡು ಬಾಳೆಕಂಬಗಳಲ್ಲಿ ಒಂದೊಂದು ಗೊನೆ ಇತ್ತು. ಒಂದು ಕದಳಿ, ಇನ್ನೊಂದು ನೇಂದ್ರ. ನೇಂದ್ರದ್ದು ಯಾರ ರಿಕ್ಷಾ ಹತ್ತಬೇಕು ಎಂಬ ಚರ್ಚೆ, ದಿಬ್ಬಣ ಹೊರಟ ಮೇಲೂ ಗೇಟಿನ ಬಳಿ ನಡೆದೇ ಇತ್ತು.