ಅಪ್ಪನ ರಿಪೋರ್ಟಿನಲ್ಲಿದ್ದ ಆ ಸಂಖ್ಯೆ

ನಾನು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದೆ. ‘ಸಿಆರ್‌ಪಿ ಎಂದರೇನು?’ ಎಂಬ ಐದು ಅಂಕದ ಪ್ರಶ್ನೆಗೆ ಉತ್ತರ ಉರು ಹೊಡೆಯುತ್ತಿದ್ದ ವಾರದಲ್ಲೇ ಅಪ್ಪನಿಗೆ ಲಕ್ವ ಹೊಡೆಯಿತು.

ಬೆಳಿಗ್ಗೆ ಎದ್ದಾಗ ಅವರ ಬಾಯಿ ಒಂದು ಕಡೆ ವಾಲಿತ್ತು. ಬಲಗೈ ಮೇಲೇಳಲಿಲ್ಲ. ಮಾತು ತೊದಲುತ್ತಿತ್ತು. 108ಕ್ಕೆ ಕರೆ ಮಾಡಿದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಅಮ್ಮ, ‘ಬಾಯಿ ಒಣಗಿದೆ ಪಾಪ’ ಎಂದು ಕಾಫಿ ತಂದಳು. ಲೋಟ ಹಿಡಿದು ಕುಡಿಸಿದ್ದು ನಾನೇ. ಎರಡು ಗುಟುಕಿಗೇ ಅಪ್ಪ ಕೆಮ್ಮಿದರು. ನೆತ್ತಿಗೆ ಹತ್ತಿತೆಂದು ತಲೆ ತಟ್ಟಿದೆ.

ಸ್ಕ್ಯಾನ್‌ನಲ್ಲಿ ಮಿದುಳಿನ ರಕ್ತನಾಳ ಕಟ್ಟಿಕೊಂಡಿರುವುದು ಗೊತ್ತಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಲ್ಲಿ ಯಾವಾಗ ಶುರುವಾಯಿತೋ ಯಾರಿಗೂ ತಿಳಿಯದ ಕಾರಣ ಅದು ಸಾಧ್ಯವಾಗಲಿಲ್ಲ. ಮೂರನೇ ದಿನ ಜ್ವರ ಬಂತು. ಎಕ್ಸ್‌-ರೇ ನೋಡಿದ ಡಾಕ್ಟರು ‘ನ್ಯುಮೋನಿಯಾ’ ಎಂದರು.

ಆ ಸಂಜೆ ರಿಪೋರ್ಟ್ ಕೈಗೆ ಬಂತು. ಸಿಆರ್‌ಪಿ 142. ಪಕ್ಕದಲ್ಲೇ ‘6ಕ್ಕಿಂತ ಕಡಿಮೆ ಇರಬೇಕು’ ಎಂದು ಅಚ್ಚಾಗಿತ್ತು. ನ್ಯೂಟ್ರೊಫಿಲ್ 88, ಲಿಂಫೊಸೈಟ್ 6. ಒಂದನ್ನು ಇನ್ನೊಂದರಿಂದ ಭಾಗಿಸಿದೆ. 14ಕ್ಕೂ ಹೆಚ್ಚು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಒಂದರಿಂದ ಮೂರರೊಳಗೆ.

ಸಿಆರ್‌ಪಿ ಎಂಬುದು ದೇಹದಲ್ಲಿ ಉರಿಯೂತವಾದಾಗ ಯಕೃತ್ತು ತಯಾರಿಸುವ ಪ್ರೋಟೀನ್. 1930ರಲ್ಲಿ ಅಮೆರಿಕದ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಮೊದಲು ಗುರುತಿಸಿದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಇದೆಲ್ಲ ನನಗೆ ಬಾಯಿಪಾಠವಿತ್ತು. ಅದೇ ಸಂಖ್ಯೆ ಅಪ್ಪನ ಹೆಸರಿನ ಕೆಳಗೆ ಕಂಡಾಗ ಕೈ ನಡುಗಿತು.

ರಾತ್ರಿ ವಾರ್ಡಿನ ಹೊರಗೆ ಕುಳಿತು ಮೊಬೈಲಿನಲ್ಲಿ ಹುಡುಕಿದೆ. ಪಾರ್ಶ್ವವಾಯುವಾದವರಲ್ಲಿ ಈ ಎರಡೂ ಸೂಚಕಗಳು ಹೆಚ್ಚಿದ್ದರೆ, ಮುಂದಿನ ತಿಂಗಳು, ವರ್ಷಗಳಲ್ಲಿ ಬದುಕುಳಿಯುವ ಸಾಧ್ಯತೆ ಕಡಿಮೆ ಎಂದಿತ್ತು. ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಡಾಕ್ಟರ ಮುಂದೆ ಕಾಫಿಯ ಸಂಗತಿ ಹೇಳಿ ಅತ್ತುಬಿಟ್ಟೆ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ‘ಲಕ್ವ ಹೊಡೆದಾಗ ನುಂಗುವ ಶಕ್ತಿ ಕುಂದುತ್ತದೆ, ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ಬಾಯಿಯ ಜೊಲ್ಲೇ ಶ್ವಾಸಕೋಶಕ್ಕೆ ಇಳಿಯಬಹುದು. ನಿನ್ನ ಕಾಫಿಯಿಂದಲೇ ಬಂತು ಎನ್ನಲಾಗದು, ಅಲ್ಲ ಎನ್ನಲೂ ಆಗದು. ಇನ್ನು ನಾವು ಹೇಳುವವರೆಗೆ ಬಾಯಿಗೆ ಏನೂ ಹಾಕಬೇಡ’ ಎಂದರು. ಸಂಖ್ಯೆಯ ಬಗ್ಗೆ ಕೇಳಿದ್ದಕ್ಕೆ, ‘ಅದು ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿ ಹೇಳಿದ ಮಾತು. ಒಬ್ಬರ ಹಣೆಬರಹ ಅದರಲ್ಲಿ ಇರುವುದಿಲ್ಲ. ನಾಳೆ ಅದು ಇಳಿಯುತ್ತದೋ ಏರುತ್ತದೋ ನೋಡೋಣ’ ಎಂದರು.

ಅಂದಿನಿಂದ ನನಗೂ ಕೆಲಸ ಸಿಕ್ಕಿತು. ನರ್ಸ್ ಅಕ್ಕ ಹೇಳಿಕೊಟ್ಟಂತೆ ದಿನಕ್ಕೆ ಹಲವು ಬಾರಿ ಅಪ್ಪನ ಬಾಯಿ ಶುಚಿ ಮಾಡುವುದು, ಹಾಸಿಗೆಯ ತಲೆಭಾಗ ಎತ್ತರಿಸಿಡುವುದು, ಮೂಗಿನ ಟ್ಯೂಬಿನಲ್ಲಿ ಆಹಾರ ಹೋಗುವಾಗ ಪಕ್ಕದಲ್ಲೇ ಇರುವುದು. ಆ್ಯಂಟಿಬಯೋಟಿಕ್ ನಡೆಯುತ್ತಿತ್ತು. ಸಿಆರ್‌ಪಿ 142ರಿಂದ 96ಕ್ಕೆ, ಆಮೇಲೆ 51ಕ್ಕೆ ಇಳಿಯಿತು. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 19 ಗಂಟೆ. ಉರಿಯೂತ ತಗ್ಗಿದರೆ ಅದೂ ಬೇಗ ತಗ್ಗುತ್ತದೆ. ಹನ್ನೊಂದನೇ ದಿನ ನುಂಗುವ ಪರೀಕ್ಷೆ ಮಾಡಿ, ಒಂದು ಚಮಚ ಗಟ್ಟಿ ಗಂಜಿ ಕೊಟ್ಟರು. ಅಪ್ಪ ಕೆಮ್ಮಲಿಲ್ಲ.

ಎರಡು ವರ್ಷವಾಯಿತು. ಅಪ್ಪ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ಡಿಪ್ಲೊಮಾ ಮುಗಿಸಿದ ನಾನು ಒಂದು ಲ್ಯಾಬಿನಲ್ಲಿ ಟ್ರೈನಿ. ಸಂಬಳ ಕಡಿಮೆ, ಕಾಯಂ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದೇನೆ. ಆದರೆ ಸಿಆರ್‌ಪಿ ಸ್ಯಾಂಪಲ್ ಕೈಗೆ ಬಂದಾಗ ಅವಸರ ಮಾಡುವುದಿಲ್ಲ. ಆ ಸಂಖ್ಯೆಗಾಗಿ ವಾರ್ಡಿನ ಹೊರಗೆ ಯಾರೋ ಕಾಯುತ್ತಿರುತ್ತಾರೆ.

ಗೆಳೆಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಯಿ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎಷ್ಟೇ ಕರುಳು ಚುರುಕ್ ಎಂದರೂ ಡಾಕ್ಟರು ನೋಡುವವರೆಗೆ ಒಂದು ಗುಟುಕು ನೀರನ್ನೂ ಕುಡಿಸಬೇಡಿ.