ಕೂಡಿಟ್ಟ ಕಾಳಿಗೂ ಉಸಿರುಂಟು

ಹಿಂದೆ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಿತೆಂದರೆ ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬುತ್ತಿದ್ದರು. ಹಗೇವೆಂದರೆ ಬಾಯಿ ಕಿರಿದಾಗಿ ಒಡಲು ಹಿರಿದಾಗಿರುವ ಆಳವಾದ ಗುಳಿ. ಅದರ ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದೇ ಗುಳಿಯಲ್ಲಿ ಆಲೂಗೆಡ್ಡೆಯನ್ನು ತುಂಬಿ ಹಾಗೆಯೇ ಮುಚ್ಚಿದರೆ ಏನಾದೀತು? ಕೊಳೆತು ನಾರುವ ಮುದ್ದೆಯಷ್ಟೇ ನಮಗೆ ದಕ್ಕೀತು. ಒಂದಕ್ಕೆ ರಕ್ಷೆಯಾದುದು ಇನ್ನೊಂದಕ್ಕೆ ಮೃತ್ಯುವಾಗುವುದೇಕೆ?

ಇದನ್ನು ತಿಳಿಯಬೇಕಾದರೆ ನಾವು ಮೊದಲು ಒಂದು ಸಂಗತಿಯನ್ನು ಮನಗಾಣಬೇಕು. ಕಾಳಾಗಲಿ ಗೆಡ್ಡೆಯಾಗಲಿ ನಿರ್ಜೀವ ಸರಕಲ್ಲ. ನೆಲ ಸೇರಿದರೆ ಎರಡೂ ಮೊಳೆಯುತ್ತವೆ. ಜೀವವಿದ್ದ ಮೇಲೆ ಉಸಿರಾಟವೂ ಇರಲೇಬೇಕಷ್ಟೆ. ಅವು ತಮ್ಮೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿ, ಅದನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸಿ, ಇಂಗಾಲದ ಡೈ ಆಕ್ಸೈಡನ್ನೂ ನೀರನ್ನೂ ಶಾಖವನ್ನೂ ಹೊರಗೆಡಹುತ್ತವೆ. 180 ಗ್ರಾಂ ಗ್ಲೂಕೋಸು ಹೀಗೆ ಪೂರ್ಣವಾಗಿ ಸವೆದರೆ 264 ಗ್ರಾಂ ಇಂಗಾಲದ ಡೈ ಆಕ್ಸೈಡೂ 108 ಗ್ರಾಂ ನೀರೂ ಹುಟ್ಟುತ್ತವೆ. ನಾವು ಕೂಡಿಟ್ಟ ಆಹಾರ ದಿನದಿನವೂ ತನ್ನನ್ನು ತಾನೇ ಉಣ್ಣುತ್ತಿರುತ್ತದೆ ಎಂದರೂ ಸಲ್ಲುತ್ತದೆ. ಆದುದರಿಂದ ಆಹಾರವನ್ನು ಕೂಡಿಡುವ ವಿದ್ಯೆಯೆಂದರೆ ಈ ಉಸಿರನ್ನು ಹದದಲ್ಲಿಡುವ ವಿದ್ಯೆ.

ಈ ಹದದ ಕೀಲಿ ಇರುವುದು ನೀರಿನಲ್ಲಿ. ಚೆನ್ನಾಗಿ ಒಣಗಿದ ಕಾಳಿನಲ್ಲಿ ತೂಕದ ನೂರಕ್ಕೆ ಸುಮಾರು 12 ಪಾಲು ಮಾತ್ರ ನೀರಿರುತ್ತದೆ. ಆಗ ಕಾಳಿನ ಉಸಿರು ಇದ್ದೂ ಇಲ್ಲದಂತೆ ನಡೆಯುತ್ತದೆ. ಹಸಿ ಕಾಳನ್ನು ರಾಶಿ ಹಾಕಿದರೋ, ಉಸಿರು ಬಿರುಸಾಗುತ್ತದೆ, ಅದರಿಂದ ಹುಟ್ಟಿದ ನೀರೂ ಶಾಖವೂ ಉಸಿರನ್ನು ಮತ್ತಷ್ಟು ಬಿರುಸುಗೊಳಿಸುತ್ತವೆ, ಬೂಷ್ಟು ಹಿಡಿಯುತ್ತದೆ. ಈ ಶಾಖವನ್ನು ಕಾಣಬೇಕೆಂದರೆ, ನೆನೆಸಿ ಬಸಿದ ಕಡಲೆಯನ್ನು ಥರ್ಮಾಸ್ ಸೀಸೆಯಲ್ಲಿ ತುಂಬಿ, ನಡುವೆ ಉಷ್ಣಮಾಪಕವನ್ನಿಟ್ಟು, ಬಾಯಿಗೆ ಹತ್ತಿಯನ್ನು ತುರುಕಬೇಕು. ಒಂದೆರಡು ದಿನಗಳಲ್ಲಿ ಉಷ್ಣತೆ ಏರುವುದನ್ನು ನಾವೇ ನೋಡಬಹುದು.

ಕಾಳಿಗೆ ಇನ್ನೊಬ್ಬ ಶತ್ರುವೆಂದರೆ ಹುಳು. ಅಕ್ಕಿಯಲ್ಲಿ ಕಾಣುವ ಸೊಂಡಿಲಿನ ಹುಳು ಕಾಳನ್ನು ಕೊರೆದು ಅದರೊಳಗೇ ಮೊಟ್ಟೆಯಿಡುತ್ತದೆ. ಮುಚ್ಚಿಟ್ಟ ಡಬ್ಬಿಯಲ್ಲಿ ಹುಳು ತಾನಾಗಿಯೇ ಹುಟ್ಟಿದಂತೆ ತೋರುವುದು ಇದರಿಂದಲೇ. ರಾಗಿಯ ಕಾಳು ತೀರ ಚಿಕ್ಕದು. ಅದರೊಳಗೆ ಇಂಥ ಹುಳುವಿನ ಮರಿ ಬೆಳೆಯಲು ಎಡೆಯಿಲ್ಲ. ಇದರ ಮೇಲೆ ಹಗೇವಿನ ರಕ್ಷಣೆ ಬೇರೆ. ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಆಮ್ಲಜನಕವಷ್ಟೆ. ಬಾಯಿ ಮುಚ್ಚಿದ ಗುಳಿಯಲ್ಲಿ ಕಾಳೂ ಹುಳುವೂ ಬೂಷ್ಟೂ ಉಸಿರಾಡಿ ಅದನ್ನು ಮುಗಿಸುತ್ತ ಬರುತ್ತವೆ. ಕೊನೆಗೆ ಹುಳು ಉಸಿರುಕಟ್ಟಿ ಸಾಯುತ್ತದೆ. ಇಂದು ಗಾಳಿ ನುಸುಳದ ಪ್ಲಾಸ್ಟಿಕ್ ಚೀಲಗಳಲ್ಲಿ ಧಾನ್ಯವನ್ನು ಕಾಪಾಡುವುದೂ ಇದೇ ತತ್ತ್ವದಿಂದ.

ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನು ಉಳಿಸುವುದೇ? ಇಂಗಾಲದ ಡೈ ಆಕ್ಸೈಡು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದು. ಬಾಯಿ ತೆರೆದರೂ ಅದು ಗುಳಿಯ ತಳದಲ್ಲಿಯೇ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಅದು ಮೂಗಿಗೂ ಗೊತ್ತಾಗದು. ಇಂಥ ಗುಳಿಗೆ ಇಳಿದು ಪ್ರಾಣ ನೀಗಿದವರುಂಟು. ಅವರನ್ನು ಎತ್ತಲು ಧಾವಿಸಿ ಇಳಿದು ಅವರ ಪಕ್ಕದಲ್ಲಿಯೇ ಬಿದ್ದವರೂ ಉಂಟು. ದೀಪವನ್ನು ಇಳಿಬಿಟ್ಟು ನೋಡುವ ಪದ್ಧತಿಯೊಂದಿದೆ. ದೀಪ ಆರಿದರೆ ಅಪಾಯ ಖಂಡಿತ. ಆದರೆ ಉರಿದ ಮಾತ್ರಕ್ಕೆ ಕ್ಷೇಮವೆಂದು ನಂಬಬಾರದು. ಬಹುಕಾಲ ಮುಚ್ಚಿದ್ದ ಗುಳಿಗೆ, ಒಳಗಿನ ಗಾಳಿಯನ್ನು ಪೂರ್ತಿಯಾಗಿ ಬದಲಿಸಿ ಪರೀಕ್ಷಿಸದೆ, ಯಾರೂ ಇಳಿಯಲಾಗದು.

ಇನ್ನು ಆಲೂಗೆಡ್ಡೆಯ ವಿಷಯ. ಅದರ ತೂಕದಲ್ಲಿ ನೂರಕ್ಕೆ 80ರಷ್ಟು ನೀರೇ. ರಾಗಿಯಂತೆ ಒಣಗಿಸಿ ಅದನ್ನು ಮಲಗಿಸಲಾಗದು. ಅದು ಎಚ್ಚತ್ತೇ ಇರುತ್ತದೆ, ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕ ಸಾಲದಾದರೆ ಅದರ ನಡುಭಾಗ ಕಪ್ಪಾಗಿ ಕೆಡುತ್ತದೆ. ಆದುದರಿಂದ ಅದಕ್ಕೆ ಬಿಗಿಯಾದ ಡಬ್ಬಿ ಬೇಡ. ಗಾಳಿಯಾಡುವ ಬುಟ್ಟಿಯೋ ಗೋಣಿಯೋ ಬೇಕು, ತಂಪಾದ ಜಾಗ ಬೇಕು. ಕತ್ತಲೆಯೂ ಬೇಕು, ಏಕೆಂದರೆ ಆಲೂಗೆಡ್ಡೆ ಬೇರಲ್ಲ, ಕಾಂಡ. ಬೆಳಕು ಬಿದ್ದರೆ ಅದು ಹಸುರಾಗುತ್ತದೆ. ಹಸುರಿನೊಂದಿಗೆ ಸೊಲನೀನ್ ಎಂಬ ವಿಷವೂ ಹೆಚ್ಚುತ್ತದೆ. ಬೇಯಿಸಿದರೂ ಈ ವಿಷ ಅಳಿಯದು. ಹಸುರಾದ ಗೆಡ್ಡೆಯನ್ನು ತಿನ್ನದಿರುವುದೇ ಲೇಸು. ಈರುಳ್ಳಿಗೆ ಒಣ ಹವೆ ಹಿತ. ಗೆಡ್ಡೆ ಬಿಡುವ ತೇವ ಅದಕ್ಕೆ ಆಗದು. ಎರಡನ್ನೂ ಒಂದೇ ಬುಟ್ಟಿಗೆ ಸುರಿಯಬಾರದು.

ಹಗೇವನ್ನು ತೋಡಿದ ನಮ್ಮ ಹಿರಿಯರಿಗೆ ಆಮ್ಲಜನಕದ ಹೆಸರು ತಿಳಿದಿರಲಿಲ್ಲ. ಯಾವುದನ್ನು ಮುಚ್ಚಿಡಬೇಕು, ಯಾವುದನ್ನು ತೆರೆದಿಡಬೇಕು ಎಂಬುದು ಮಾತ್ರ ಅನುಭವದಿಂದ ತಿಳಿದಿತ್ತು. ಅದರ ಕಾರಣವೂ ತಿಳಿದಿರುವ ನಾವು ಮನೆಯ ಕಾಳನ್ನೂ ಗೆಡ್ಡೆಯನ್ನೂ ಕೆಡಿಸಿಕೊಂಡರೆ ತಪ್ಪು ನಮ್ಮದೇ ಸರಿ.